ಕೆಂಪು ಚಿಂದಿಯ ಗಂಟು

ಹುಲಿಗೆಮ್ಮಕ್ಕಾ,

ನೀನು ಬದುಕಿದ್ದಾಗ ನನಗೆ ಬರೆಯಲು ಬರುತ್ತಿರಲಿಲ್ಲ, ನಿನಗೆ ಓದಲು ಬರುತ್ತಿರಲಿಲ್ಲ. ಬರೆಸಿ ಕಳಿಸಿದ್ದರೂ ಓಣಿಯವರೆಲ್ಲ ಕೇಳಿಸಿಕೊಂಡು ಕೊನೆಗೆ ನಿನ್ನ ಕಿವಿಗೆ ಬೀಳುತ್ತಿತ್ತು. ಆಮೇಲೆ ಸಾಕ್ಷರತೆಯ ಮೇಡಂ ನಮ್ಮ ಓಣಿಗೆ ಬಂದು ಬೆರಳು ಹಿಡಿದು ತಿದ್ದಿಸಿದರು. ಈಗ ನಾನಂತೂ ಬರೆಯುತ್ತೇನೆ. ನೀನೂ ಅಲ್ಲಿ ಇಷ್ಟು ವರ್ಷ ಸುಮ್ಮನೆ ಕೂತವಳಲ್ಲ, ಯಾರನ್ನಾದರೂ ಗದರಿಸಿ ಓದು ಕಲಿತಿರುತ್ತೀ. ಮಾನಮ್ಮ ಪಕ್ಕದಲ್ಲಿದ್ದರೆ ಅವಳಿಗೂ ಓದಿ ಹೇಳು. ಇದು ಅವಳದೇ ಸುದ್ದಿ.

ಹೋದ ತಿಂಗಳು ನಮ್ಮ ಜಿನ್ನಿಂಗ್ ಮಿಲ್ಲು ಕೆಡವಿದರು. ಸಿಂಧನೂರಿನ ತುಂಬ ಅಕ್ಕಿ ಗಿರಣಿಗಳಾದ ಮೇಲೆ ಆ ಹತ್ತಿ ಮಿಲ್ಲು ಬಾವಲಿಗಳ ಪಾಲಾಗಿತ್ತು. ನಾನು ಪೇಟೆಗೆ ಹೋಗುವಾಗ ನೋಡುತ್ತೇನೆ, ಗುಜರಿಯವರು ಮಷಿನ್ನುಗಳ ಕೆಳಗೆ ತಿರುಗುತ್ತಿದ್ದ ಆ ಉದ್ದನೆಯ ಕಬ್ಬಿಣದ ಶಾಫ್ಟನ್ನು ಹೊರಗೆಳೆದು ರಸ್ತೆಯ ಪಕ್ಕ ಹಾಕಿದ್ದಾರೆ. ಇಬ್ಬರು ಹೆಂಗಸರು ಅದರ ಮೇಲೆ ಕೂತು, ತುರ್ವಿಹಾಳದ ಬಸ್ಸು ಕಾಯುತ್ತ, ಶೇಂಗಾ ತಿನ್ನುತ್ತಿದ್ದರು. "ಏಳ್ರಬೇ ಅದರ ಮ್ಯಾಲಿಂದ!" ಎಂದು ಚೀರಿದೆ. ಹುಚ್ಚಿ ಎಂದುಕೊಂಡು ಎದ್ದು ದೂರ ಹೋದರು. ನಾನು ಆ ಕಬ್ಬಿಣಕ್ಕೆ ಕಾಲಿನಿಂದ ಒದ್ದೆ. ನನ್ನ ಹೆಬ್ಬೆರಳೇ ಒಡೆದು ರಕ್ತ ಬಂತು. ಇಷ್ಟು ವರ್ಷವಾದರೂ ಅದಕ್ಕೆ ರಕ್ತದ ಹಸಿವು ತೀರಿಲ್ಲ ನೋಡು. ಅಂದೇ ನಿಶ್ಚಯ ಮಾಡಿದೆ. ಮಸ್ಕಿಯಲ್ಲಿ ನೀನು ಕೊನೆಯ ಸಲ ನನ್ನನ್ನು ಒಂದು ಮಾತು ಕೇಳಿದ್ದೆಯಲ್ಲ, ಮಾನಮ್ಮನ ತಲೆಯ ಗಂಟಿನದು? ಅದಕ್ಕೆ ನಾನು ಕೊಟ್ಟ ಉತ್ತರ ಸುಳ್ಳು, ಅಕ್ಕಾ. ಇದನ್ನು ನಿನಗೆ ಹೇಳದೆ ನಾನು ಸಾಯುವಂತಿಲ್ಲ.

ಮಿಲ್ಲಿನ ಬಾಗಿಲಲ್ಲಿ ನೀನು ನನಗೆ ಕೊಟ್ಟ ಮೊದಲ ಏಟು ನೆನಪಿದೆಯೇ? ಗುರುಗುಂಟಾದಿಂದ ಲಗ್ನವಾಗಿ ಬಂದು ಆರು ತಿಂಗಳಾಗಿತ್ತು. ನನ್ನ ಗಂಡ ದುರುಗಪ್ಪ ಅದೇ ಮಿಲ್ಲಿನಲ್ಲಿ ಹತ್ತಿಯ ಅಂಡಿಗೆ ಮೂಟೆಗಳನ್ನು ಹೊರುವ ಹಮಾಲ. ನಾನೋ, ಕೆಲಸಕ್ಕೆ ಹೋಗುತ್ತೇನೆಂಬ ಉಮೇದಿನಲ್ಲಿ ಎಣ್ಣೆ ಹಚ್ಚಿ, ಸೊಂಟದ ತನಕ ಹೆಳಲು ಇಳಿಬಿಟ್ಟು, ಕನಕಾಂಬರ ಮುಡಿದು ಬಂದಿದ್ದೆ. ನೀನು ಆ ಹೆಳಲು ಹಿಡಿದು ನನ್ನನ್ನು ಗಿರ್ರನೆ ತಿರುಗಿಸಿ ಕಪಾಳಕ್ಕೆ ಬಾರಿಸಿದೆ. "ಬೀಗರ ಮನಿಗಿ ಬಂದೀ ಏನ ಬೇ? ಈ ಮಷಿನ್ನಿಗಿ ಕಣ್ಣಿಲ್ಲ, ಹಲ್ಲು ಅಷ್ಟಾ ಅದಾವು" ಎಂದೆ. ಅತ್ತೆಯೂ ನನಗೆ ಹಾಗೆ ಹೊಡೆದಿರಲಿಲ್ಲ. ಆಮೇಲೆ ನೀನೇ ನನ್ನನ್ನು ಮೊಣಕಾಲಿನ ನಡುವೆ ಕೂರಿಸಿಕೊಂಡು, ಕೂದಲನ್ನೆಲ್ಲ ಮೇಲೆತ್ತಿ ತುರುಬು ಸುತ್ತಿ, ಒಂದು ಕೆಂಪು ಚಿಂದಿಯಿಂದ ಬಿಗಿದೆ. ಗಂಡ ಸತ್ತ ಮೇಲೆ ಉಡಲಾಗದೆ ಪೆಟ್ಟಿಗೆಯಲ್ಲಿಟ್ಟಿದ್ದ ನಿನ್ನ ಲಗ್ನದ ಇಳಕಲ್ ಸೀರೆಯನ್ನೇ ಹರಿದು ಮಿಲ್ಲಿನ ಹೆಂಗಸರ ತಲೆಗೆಲ್ಲ ಕಟ್ಟಿದ್ದೀ ಎಂದು ನನಗೆ ಆಮೇಲೆ ಗೊತ್ತಾಯಿತು.

ಆ ಗಂಟಾದರೂ ಎಂಥದು! ಎತ್ತಿನ ಮೂಗುದಾರಕ್ಕೆ ನಿನ್ನಪ್ಪ ಹಾಕುತ್ತಿದ್ದ ಗಂಟು ಅದು. ಎಳೆದಷ್ಟೂ ಬಿಗಿಯುತ್ತದೆಯೇ ಹೊರತು ಸಡಿಲಾಗುವುದಿಲ್ಲ. ದಿನಾ ಮುಂಜಾನೆ ಇಂಜಿನ್ ಚಾಲೂ ಆಗುವ ಮೊದಲು ನಾವು ಹತ್ತೊಂಬತ್ತು ಹೆಂಗಸರು ಸಾಲಾಗಿ ಕೂರಬೇಕು, ನೀನು ಒಬ್ಬೊಬ್ಬರಿಗೂ ಕಟ್ಟಿ, ಕಟ್ಟಿದ ಮೇಲೆ ತುರುಬು ಹಿಡಿದು ಕಣ್ಣಲ್ಲಿ ನೀರು ಬರುವಂತೆ ಜಗ್ಗಿ ನೋಡಬೇಕು. "ಇದು ಬಿಚ್ಚಿದ್ರ ನನ್ನ ಹೆಸರು ಹುಲಿಗಿ ಅಲ್ಲ" ಎನ್ನುತ್ತಿದ್ದೆ. ಸಂಜೆ ಮನೆಗೆ ಹೋಗಿ ಆ ಗಂಟು ಬಿಚ್ಚುವುದರೊಳಗೆ ಹಿಟ್ಟು ನಾದುವಷ್ಟು ಹೊತ್ತು ಹೋಗುತ್ತಿತ್ತು. ನಾವು ನಿನ್ನನ್ನು ಬೈದುಕೊಂಡೇ ಬಿಚ್ಚುತ್ತಿದ್ದೆವು.

ಮಷಿನ್ನುಗಳ ಕೆಳಗಿನ ಆ ಉದ್ದನೆಯ ಕುಣಿಯನ್ನು ನಾನು ಈಗಲೂ ಕನಸಿನಲ್ಲಿ ಕಾಣುತ್ತೇನೆ. ಮೇಲೆ ನಾವು ಹತ್ತಿ ತಿನ್ನಿಸಬೇಕು, ಹತ್ತಿಕಾಳು ಕೆಳಗೆ ಕುಣಿಗೆ ಬೀಳಬೇಕು, ಸರದಿಯ ಮೇಲೆ ಒಬ್ಬಳು ಇಳಿದು ನಡು ಬಗ್ಗಿಸಿ ಅದನ್ನು ಬಳಿಯಬೇಕು. ಕುಣಿಯ ಉದ್ದಕ್ಕೂ ಶಾಫ್ಟು ತಿರುಗುತ್ತಿರುತ್ತದೆ. ಅದರಿಂದ ಒಂದೊಂದು ಮಷಿನ್ನಿಗೆ ಒಂದೊಂದು ಬೆಲ್ಟು. ಮೊದಲು ಶಾಫ್ಟಿಗೆ ತಂತಿಯ ಜಾಳಿಗೆಯ ಮರೆ ಇತ್ತು. ಅದರಲ್ಲಿ ಕಾಳು ಸಿಕ್ಕಿ ಬಳಿಯುವುದು ತಡವಾಗುತ್ತದೆಂದು ಮಿಲ್ಲಿನ ಲೆಕ್ಕ, ಕೆಲಸ ಎಲ್ಲ ನೋಡುವ ಮುನೀಮ ಅದನ್ನು ಕಿತ್ತು ಹಾಕಿಸಿದ. ಎರಡೇ ದಿನದಲ್ಲಿ ಆ ಜಾಳಿಗೆ ಅವನ ಮನೆಯ ಹಿತ್ತಲಲ್ಲಿ ಕೋಳಿಗೂಡಾಯಿತು. ನೀನು ಕೇಳಲು ಹೋದಾಗ ಅವನು ಏನೆಂದ? "ಕೋಳಿಗಿ ನಾಯಿ ಕಾಟ ಭಾಳ ಆಗೈತಿ, ಹುಲಿಗವ್ವ." ಕೋಳಿಯ ಜೀವವಾದರೂ ಜೀವವೇ, ಅಲ್ಲವೇ?

ಮಾನಮ್ಮ ಅಂದು ಕುಣಿಗೆ ಇಳಿಯುವಾಗ ನನ್ನತ್ತ ನೋಡಿ ನಕ್ಕಿದ್ದಳು. ತುರ್ವಿಹಾಳದ ಹುಡುಗಿ, ಗಂಡ ಬಿಟ್ಟುಹೋಗಿದ್ದ, ಎರಡು ವರ್ಷದ ಕೂಸು ಗಂಗಾಳನ್ನು ತಾಯಿಯ ಹತ್ತಿರ ಬಿಟ್ಟು ಬರುತ್ತಿದ್ದಳು. ಬೆಲ್ಟಿನ ಎರಡು ತುದಿ ಕೂಡಿಸುವ ಕಬ್ಬಿಣದ ಕೊಕ್ಕೆಗಳಲ್ಲಿ ಒಂದು ಎದ್ದು ನಿಂತಿತ್ತು. ಫಿಟ್ಟರ್ ಅದನ್ನು ಬದಲಿಸಬೇಕೆಂದು ಎರಡು ಸಲ ಹೇಳಿದ್ದ. ಅದು ಬಗ್ಗಿದ್ದ ಅವಳ ತುರುಬಿಗೆ ಸಿಕ್ಕಿ ಶಾಫ್ಟಿಗೆ ಎಳೆದು ಸುತ್ತಿತು. ಆ ಸದ್ದಿನಲ್ಲಿ ಅವಳು ಚೀರಿದ್ದು ಕೇಳಲಿಲ್ಲ. ನನ್ನ ಮಷಿನ್ನಿನ ಬೆಲ್ಟು ಒಮ್ಮೆ ತಡವರಿಸಿತು, ಮತ್ತೆ ಓಡಿತು. ಕೆಳಗೆ ನೋಡಿದರೆ ಅವಳು ಕಾಲು ಬಡಿಯುತ್ತಿದ್ದಳು. ನೀನು ನನ್ನನ್ನು ನೂಕಿ ಕುಣಿಗೆ ಹಾರಿದೆ. ಇಂಜಿನ್ ನಿಲ್ಲುವವರೆಗೆ ಅವಳ ನಡುವನ್ನು ತಬ್ಬಿ ಹಿಡಿದು ಶಾಫ್ಟಿನ ಜೊತೆಗೆ ಜಗ್ಗಾಡಿದೆ. ಶಾಫ್ಟೇ ಗೆದ್ದಿತು. ಹುಬ್ಬಿನಿಂದ ಹಿಡಿದು ಹಿಂದಿನ ಕತ್ತಿನ ತನಕ ಅವಳ ತಲೆಯ ಚರ್ಮ ಕೂದಲಿನ ಸಮೇತ ಕಿತ್ತುಹೋಯಿತು. ನಿನ್ನ ಸೀರೆ, ನಿನ್ನ ಮುಖ, ಕೆಳಗಿನ ಹತ್ತಿಕಾಳು ಎಲ್ಲ ಕೆಂಪು. ಅವಳನ್ನು ಹತ್ತಿಯಲ್ಲಿ ಸುತ್ತಿ ಲಾರಿಯಲ್ಲಿ ದವಾಖಾನೆಗೆ ಒಯ್ದಿರಿ. ಅವಳ ತಲೆ ನಿನ್ನ ತೊಡೆಯ ಮೇಲಿತ್ತು.

ನೀನು ಹೋದ ಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಅದನ್ನೇ ಈಗ ಹೇಳುತ್ತಿದ್ದೇನೆ. ಲಾರಿ ಗೇಟು ದಾಟಿತೋ ಇಲ್ಲವೋ, ಮುನೀಮ ಗೋಣಿ ಕತ್ತರಿಸುವ ನಿನ್ನ ದೊಡ್ಡ ಕತ್ತರಿಯನ್ನು ನನ್ನ ಕೈಗೆ ಕೊಟ್ಟ. "ಲಗೂನ ಇಳದು ಶಾಫ್ಟ್ ಸಾಫ್ ಮಾಡು. ಮಧ್ಯಾಹ್ನಕ್ಕ ಚಾಲೂ ಆಗಬೇಕು." ನಾನು ಇಳಿದೆ. ಯಾಕೆ ಇಳಿದೆ? ಆಗಲ್ಲ ಎನ್ನಬಹುದಿತ್ತು. ಕತ್ತರಿಯಿಂದ ಅವನನ್ನೇ... ಇರಲಿ. ಶಾಫ್ಟಿಗೆ ಸುತ್ತಿದ್ದ ಕೂದಲನ್ನು ಕತ್ತರಿಸಿ ಕತ್ತರಿಸಿ ತೆಗೆದೆ. ಅದು ಇನ್ನೂ ಬಿಸಿಯಾಗಿತ್ತು. ಅದರ ನಡುವೆ ನನ್ನ ಕೈಗೆ ಗಟ್ಟಿಯಾದದ್ದೇನೋ ಸಿಕ್ಕಿತು. ಒರೆಸಿ ನೋಡಿದರೆ ನಿನ್ನ ಕೆಂಪು ಚಿಂದಿ. ಮೂರು ಸುತ್ತು, ಮೇಲೊಂದು ಗಂಟು. ನೀನು ಮುಂಜಾನೆ ಹೇಗೆ ಕಟ್ಟಿದ್ದೆಯೋ ಹಾಗೇ ಇತ್ತು. ಒಂದು ಎಳೆಯೂ ಸಡಿಲವಾಗಿರಲಿಲ್ಲ. ಕೂದಲು ಬಿಚ್ಚಿರಲೇ ಇಲ್ಲ, ಅಕ್ಕಾ. ಆ ಕೊಕ್ಕೆ ತುರುಬನ್ನೇ ಹಿಡಿದು ಎಳೆದಿತ್ತು. ನಾನು ಅದನ್ನು ನನ್ನ ಎಲೆಯಡಿಕೆ ಸಂಚಿಯೊಳಗೆ ತುರುಕಿಕೊಂಡೆ. ರಕ್ತ ಹತ್ತಿದ ಹತ್ತಿಯನ್ನು ಆರಿಸಿ ತೆಗೆಸಿ, ಮಿಲ್ಲು ಮಧ್ಯಾಹ್ನವೇ ಮತ್ತೆ ಚಾಲೂ ಆಯಿತು.

ಮೂರನೆಯ ದಿನ ಮಾನಮ್ಮ ಸತ್ತಳೆಂದು ಸುದ್ದಿ ಬಂದಾಗ ಮುನೀಮ ನನ್ನನ್ನು ಒಳಗೆ ಕರೆದ. ನನ್ನ ಗಂಡ ಮೊದಲೇ ಅಲ್ಲಿ ಕೈಕಟ್ಟಿ ನಿಂತಿದ್ದ. ಮೇಜಿನ ಮೇಲೆ ಒಂದು ಕಾಗದ. ಮಾನಮ್ಮ ಕೂದಲು ಬಿಚ್ಚಿಕೊಂಡು ಕುಣಿಗೆ ಇಳಿದಿದ್ದಳು, ಬೇಡವೆಂದರೂ ಕೇಳಲಿಲ್ಲ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಅದರಲ್ಲಿ ಬರೆದಿದ್ದರಂತೆ. ಅವನೇ ಓದಿ ಹೇಳಿದ. "ಒತ್ತಲಿಲ್ಲಂದ್ರ ನಾಳಿಂದ ಗಂಡ ಹೆಂಡ್ತಿ ಇಬ್ರೂ ಗೇಟಿನ ಹೊರಗ" ಎಂದ. ದುರುಗಪ್ಪ ನನ್ನ ಮಣಿಕಟ್ಟು ಹಿಡಿದ. "ಒತ್ತು ಬೇ. ಸತ್ತಾಕಿ ಸತ್ತಳು, ನಾವೇನು ಹಿಂದ ಹೋಗೂದೈತೇನು?" ಅವನು ಜುಲುಮೆ ಮಾಡಿದ ಎಂದು ಹೇಳಿ ಪಾರಾಗಬಹುದು. ಆದರೆ ಹೆಬ್ಬೆಟ್ಟು ನನ್ನದು, ಒತ್ತಿದವಳು ನಾನು. ಮಾನಮ್ಮನ ತಾಯಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಪರಿಹಾರ ಕೇಳಲು ಬಂದಾಗ, ಮುನೀಮ ಅದೇ ಕಾಗದವನ್ನು ತೋರಿಸಿ ಗೇಟಿನಿಂದಲೇ ವಾಪಸ್ಸು ಅಟ್ಟಿದ.

ನಿನಗೆ ಆ ಮಾತು ಮುಟ್ಟಿದಾಗ ನೀನು ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾಯಿತು. ನೀನು ಎರಡೂ ಕೈ ಮುಂದೆ ಚಾಚಿ ಬೆರಳು ನೋಡಿಕೊಂಡೆ. "ಗಂಟು ನಾನಾ ಕಟ್ಟಿದ್ನಲ್ಲ" ಎಂದೆ, ಯಾರಿಗೂ ಅಲ್ಲ. ಯಾರ ಸಾಕ್ಷಿ ಎಂದು ಮುನೀಮ ನಿನಗೆ ಹೇಳಿರಲಿಲ್ಲ. ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಸಂಚಿ ನನ್ನ ಟೊಂಕದಲ್ಲಿತ್ತು.

ಮರುದಿನ ಮುಂಜಾನೆ ನಾವು ಎಂದಿನಂತೆ ಸಾಲಾಗಿ ಕೂತರೆ, ನಿನ್ನ ಕೈಯಲ್ಲಿ ಚಿಂದಿ ಇರಲಿಲ್ಲ, ಕತ್ತರಿ ಇತ್ತು. ಮೊದಲು ನಿನ್ನ ತುರುಬನ್ನೇ ಹಿಡಿದು ಕಚಕ್ಕೆಂದು ಕತ್ತರಿಸಿದೆ. "ತಪ್ಪು ಕೂದಲದ್ದಂತ. ಬರ್ರಿ, ತಪ್ಪನ್ನಾ ತಗದು ಬಿಡೂನು. ಆಮ್ಯಾಲ ಅವ ಏನು ನೆವ ಹೇಳ್ತಾನ ನೋಡೂನು." ಗಂಡನಿದ್ದ ಹೆಂಗಸು ಕೂದಲು ತೆಗೆಸುವುದೆಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಬ್ಬಳು ಅತ್ತಳು, ಇನ್ನೊಬ್ಬಳು ತಾಳಿ ಕಣ್ಣಿಗೊತ್ತಿಕೊಂಡಳು. ಆದರೂ ತಲೆ ಬಗ್ಗಿಸಿದರು. ನೀನು ಸೇರಿ ಹದಿನೆಂಟು ಮಂದಿ. ಮಾನಮ್ಮ ಸತ್ತಿದ್ದಳು. ಉಳಿದವಳು ನಾನು. ನಾನು ಸಾಲಿನಿಂದ ಮೆಲ್ಲಗೆ ಎದ್ದು ಹೋಗಿ ಅಂಡಿಗೆಗಳ ಹಿಂದೆ ಅಡಗಿ ಕೂತಿದ್ದೆ, ಬಾಯಲ್ಲಿ ಸೆರಗು ತುರುಕಿಕೊಂಡು.

ಆ ಕೂದಲನ್ನೆಲ್ಲ ಪುಟ್ಟಿಯಲ್ಲಿ ತುಂಬಿ ನೀನು ಮುನೀಮನ ಮೇಜಿನ ಮೇಲೆ ಸುರಿದೆ. "ಕೂದಲಾ ಕೊಟ್ಟೀವಿ. ಈಗ ನಮ್ಮ ಜಾಳಿಗಿ ಕೊಡು." ಅವನು ಒಂದು ಗಳಿಗೆ ಬೆಚ್ಚಿ, ಆಮೇಲೆ ನಕ್ಕುಬಿಟ್ಟ. "ಈಗ ಜಾಳಿಗಿ ಯಾಕ ಬೇಕ ಬೇ? ಹಿಡಿಯಾಕ ಕೂದಲಾನ ಇಲ್ಲಲ್ಲ!" ಕಿಟಕಿಯಿಂದ ನಾನೂ ಕೇಳಿದೆ. ನೀನು ಮೇಜಿಗೆ ಒದ್ದೆ ನೋಡು, ಅದು ಅವನ ಎದೆಯ ಮೇಲೆ ಮಗುಚಿತು. ಹದಿನೆಂಟು ಬೋಳುತಲೆಗಳು ಅವನನ್ನು ಸುತ್ತುವರಿದು ಚಪ್ಪಲಿಯಿಂದ, ಪುಟ್ಟಿಯಿಂದ, ಕೈಗೆ ಸಿಕ್ಕಿದ್ದರಿಂದ ಬಡಿದವು. ಅವನ ಎರಡು ಹಲ್ಲು ಹೋದವು. ಅಕ್ಕಾ, ನಿಜ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ಅಷ್ಟು ಚೆಂದದ್ದನ್ನು ನಾನು ನೋಡಿಲ್ಲ. ಅದರಲ್ಲಿ ನಾನಿಲ್ಲವಲ್ಲ ಎಂಬ ಹೊಟ್ಟೆಕಿಚ್ಚು ಇವತ್ತಿಗೂ ಹೋಗಿಲ್ಲ.

ಮುನೀಮ ಬಾಯಿಗೆ ಅರಿವೆ ಹಿಡಿದುಕೊಂಡೇ ಬಸ್ ಸ್ಟ್ಯಾಂಡಿನ ಚಾದಂಗಡಿಗೆ ಹೋದ. ಪೊಲೀಸರ ಹತ್ತಿರ ಹೋಗಲಿಲ್ಲ, ನಮ್ಮ ಗಂಡಂದಿರ ಹತ್ತಿರ ಹೋದ. "ನಿಮ್ಮ ಹೇಣ್ತ್ಯಾರು ನೀವು ಬದುಕಿರತಾನ ನಿಮ್ಮ ತಿಥಿ ಮಾಡ್ಯಾರ. ಆ ರಂಡಿ ಮುಂಡಿ ಎಲ್ಲಾರ್ನೂ ತನ್ನಂಗ ಮಾಡ್ಯಾಳ" ಎಂದ. ಕುಣಿಯಲ್ಲಿ ಹೆಣ್ಣೊಬ್ಬಳ ತಲೆ ಸುಲಿದಾಗ ಏಳದ ಗಂಡಸರು ಅಂದು ಎದ್ದರು. ಮಧ್ಯಾಹ್ನದ ಬಿಸಿಲಲ್ಲಿ ಗೇಟಿಗೆ ಬಂದು ಸಿಕ್ಕ ಸಿಕ್ಕವಳ ಮೇಲೆ ಕೈ ಮಾಡಿದರು. ಜಗ್ಗಲು ಜುಟ್ಟಿಲ್ಲದ್ದಕ್ಕೆ ಕತ್ತು ಹಿಡಿದು ನೆಲಕ್ಕೆ ತಿಕ್ಕಿದರು. ಒಬ್ಬಳ ಕೈ ಮುರಿಯಿತು, ಒಬ್ಬಳಿಗೆ ಬಸಿರು ಇಳಿದುಹೋಯಿತು. ನೀನು ಗೇಟಿನ ಕಂಬಕ್ಕೆ ಬೆನ್ನು ಕೊಟ್ಟು ಕತ್ತರಿ ಹಿಡಿದು ನಿಂತಿದ್ದೆ. ನನ್ನ ದುರುಗಪ್ಪ ಅಂಡಿಗೆ ಬಿಗಿಯುವ ಕಬ್ಬಿಣದ ಪಟ್ಟಿಯನ್ನು ಮಡಚಿ ಹಿಡಿದು ಬಂದ. ನೀನು ಮೊದಲು ಬೀಸಿದೆ, ಅವನ ಎಡಗಿವಿ ಅರ್ಧ ಕತ್ತರಿಸಿ ಕೆಳಗೆ ಬಿತ್ತು. ಅವನು ಪಟ್ಟಿ ಬೀಸಿದ. ನಿನ್ನ ಬಲಗಣ್ಣು ಹೋಯಿತು.

ನೀನು ಕುಸಿದು ಕೂತಾಗ ನಾನು ಓಡಿಬಂದೆ. ಓಡುವಾಗ ನನ್ನ ಹೆಳಲು ಬಿಚ್ಚಿ ಮುಂದೆ ಬಿದ್ದಿತ್ತು. ನೀನು ಉಳಿದ ಒಂದು ಕಣ್ಣಿನಿಂದ ಅದನ್ನು ನೋಡಿದೆ. ಬೈಯುತ್ತೀ ಎಂದುಕೊಂಡೆ. "ಚಲೋ ಆತು ಬಿಡು ಶರಣಿ, ನೀ ಒಬ್ಬಾಕೀರ ಬಚಾವಾದಿ" ಎಂದೆ. ಆ ಕಬ್ಬಿಣದ ಪಟ್ಟಿ ನನಗೆ ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಬಿದ್ದಿದ್ದ ನಿನ್ನ ಕತ್ತರಿಯನ್ನು ನಾನೇ ಎತ್ತಿಕೊಂಡೆ. ಅದು ಈಗಲೂ ನನ್ನ ಮನೆಯಲ್ಲಿದೆ.

ನೀನು ಮಸ್ಕಿಗೆ ಅಣ್ಣನ ಮನೆಗೆ ಹೋದ ಮೇಲೆ ನಾಲ್ಕನೆಯ ದಿನ ಮಿಲ್ಲಿನ ಒಡೆಯ ಸಾವುಕಾರ ಜೀಪಿನಲ್ಲಿ ಬಂದ. ಕೇಸು ಗೀಸು ಎಂದಾದರೆ ಮಿಲ್ಲಿಗೆ ಬೀಗ ಬೀಳುತ್ತದೆಂದು ಹೆದರಿದ್ದ. ಮುನೀಮನ ಹಿತ್ತಲಿನ ಕೋಳಿಗೂಡು ಬಿಚ್ಚಿಸಿ ಜಾಳಿಗೆಯನ್ನು ಶಾಫ್ಟಿಗೆ ಹಾಕಿಸಿದ. ಅದಕ್ಕೆ ಕೋಳಿ ಹಿಕ್ಕೆ ಅಂಟಿಕೊಂಡೇ ಇತ್ತು. ಆಮೇಲೆ ಮಿಲ್ಲು ನಿಲ್ಲುವವರೆಗೂ ಆ ಕುಣಿಯಲ್ಲಿ ಯಾರಿಗೂ ಒಂದು ಗಾಯವಾಗಲಿಲ್ಲ. ಗೆದ್ದವಳು ನೀನು. ಗೆದ್ದ ದಿನ ನೀನು ಅಲ್ಲಿರಲಿಲ್ಲ, ಅಷ್ಟೇ.

ಮಸ್ಕಿಗೆ ನಾನು ಬಂದದ್ದು ಎಷ್ಟೋ ವರ್ಷ ತಡವಾಗಿ, ತೊಂಬತ್ತನೆಯ ಇಸವಿಯ ಆಚೆಗೆ. ಆಗ ನಾನು ಅಕ್ಕಿ ಗಿರಣಿಯಲ್ಲಿ ಕುದಿಸಿದ ಭತ್ತ ಕಾಲಿನಿಂದ ಹರವುತ್ತಿದ್ದೆ. ನೀನು ಬಾಗಿಲಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಕೂದಲು ಬೆಳೆಯಲು ಬಿಟ್ಟಿರಲೇ ಇಲ್ಲ. ನಾನು ಜಾಳಿಗೆ ಹಾಕಿದ ಸುದ್ದಿ ಹೇಳಿದೆ, ನೀನು ತಲೆ ಅಲ್ಲಾಡಿಸಿದೆ. ನಿನ್ನಣ್ಣನ ಮೊಮ್ಮಗಳು ಹೆಳಲು ಹಾಕಿಸಿಕೊಳ್ಳಲು ಬಾಚಣಿಗೆ ಹಿಡಿದು ಬಂದರೆ, ನೀನು ಹಾವು ಕಂಡವಳಂತೆ ಕೈ ಹಿಂದಕ್ಕೆ ತಗೊಂಡೆ. "ನನ್ನ ಕೈ ಬ್ಯಾಡವ್ವ, ನಿಮ್ಮವ್ವನ ಕಡೆ ಹೋಗು" ಎಂದೆ. ಅವಳು ಹೋದ ಮೇಲೆ ನೀನು ಮೆಲ್ಲಗೆ ಕೇಳಿದೆ:

"ಶರಣಿ, ಆವತ್ತು ನನ್ನ ಗಂಟು ಸಡ್ಲ ಆಗಿತ್ತೇನು? ನೀ ಅಲ್ಲೇ ಇದ್ದಿ. ಖರೇ ಹೇಳು."

ಸಂಚಿ ಟೊಂಕದಲ್ಲಿತ್ತು. ಕೈ ಹಾಕಿ ತೆಗೆದು ನಿನ್ನ ಮಡಿಲಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಗಂಟು ಹೊರಬಂದರೆ ಹೆಬ್ಬೆಟ್ಟೂ ಹೊರಬರುತ್ತದಲ್ಲ? ನಿನ್ನ ಒಂದು ಕಣ್ಣು ನನ್ನ ಮೇಲೇ ಇತ್ತು. "ಯಾರಿಗಿ ಗೊತ್ತಕ್ಕಾ, ಆಗಿರಬೇಕು" ಎಂದೆ. ಕೊಕ್ಕೆ ಮಾನಮ್ಮನ ತಲೆ ಸುಲಿಯಿತು, ನನ್ನ ಗಂಡ ನಿನ್ನ ಕಣ್ಣು ತೆಗೆದ. ನಾನು ಎರಡು ಮಾತಿನಲ್ಲಿ ನಿನ್ನನ್ನು ಅವೆರಡಕ್ಕಿಂತ ಹೆಚ್ಚಾಗಿ ಕೊಂದೆ. ನೀನು "ಹೂಂ" ಎಂದೆ. ಹುಣಸೆಹಣ್ಣು ಬಿಡಿಸುವುದು ನಿಲ್ಲಿಸಲಿಲ್ಲ.

ನೀನು ಸತ್ತ ಸುದ್ದಿ ಬಂದ ದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ದುರುಗಪ್ಪ ಅರ್ಧ ಕಿವಿ ತುರಿಸಿಕೊಂಡು "ಪೀಡಾ ಹೋತು" ಎಂದ. ಒಲೆಯಿಂದ ಉರಿಯುವ ಕೊಳ್ಳಿ ಹಿರಿದು ಅವನ ಹೆಗಲ ಮೇಲೆ ಹಾಕಿದೆ. ಚರ್ಮ ಸುಟ್ಟ ವಾಸನೆ ಓಣಿಗೆಲ್ಲ ಹೋಯಿತು. ಅಂದಿನಿಂದ ಅವನು ನನ್ನ ಮೇಲೆ ಕೈ ಎತ್ತಿಲ್ಲ. ಅವನ ಮೈಮೇಲೆ ನಿನ್ನದೊಂದು ಗುರುತಿದೆ, ನನ್ನದೊಂದಿದೆ. ಈಗ ಇಬ್ಬರೂ ಮುದುಕರಾಗಿ ಒಂದೇ ಮನೆಯಲ್ಲಿದ್ದೇವೆ. ಅವನಿಗೆ ಕಿವಿ ಕೇಳುವುದಿಲ್ಲ, ನಾನು ಮಾತಾಡುವುದಿಲ್ಲ.

ಶಾಫ್ಟಿಗೆ ಒದ್ದು ಬಂದ ಮರುದಿನ ಲಿಂಗಸುಗೂರಿನ ಬಸ್ಸು ಹತ್ತಿದೆ. ಮಾನಮ್ಮನ ಗಂಗಾ ಅಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಾಳೆ. ಎಷ್ಟೋ ವರ್ಷದಿಂದ ನನಗೆ ಗೊತ್ತಿತ್ತು, ಗೊತ್ತಿದ್ದೂ ಹೋಗಿರಲಿಲ್ಲ. ಅವ್ವನದೇ ಮುಖ. ನೀರು ಕೊಟ್ಟಳು. ಕುಡಿಯುವ ಮೊದಲು ಎಲ್ಲ ಹೇಳಿದೆ. ಕೊಕ್ಕೆ, ಕತ್ತರಿ, ಕಾಗದ, ಹೆಬ್ಬೆಟ್ಟು, ನಿನ್ನ ಪ್ರಶ್ನೆ, ನನ್ನ ಉತ್ತರ. ಅವಳು ಎದ್ದು ಬಂದು ಕಪಾಳಕ್ಕೆ ಬಾರಿಸಿದಳು. ಕಿವಿಯಲ್ಲಿ ಗುಂಯ್ ಎಂದಿತು. ನಿನ್ನ ಮೊದಲ ಏಟೂ ಅದೇ ಕೆನ್ನೆಗೆ ಬಿದ್ದಿತ್ತು, ಅಕ್ಕಾ. "ನಮ್ಮಜ್ಜಿ ಸಾಯೂತನ ನಮ್ಮವ್ವನ್ನ ಬೈದ್ಳು. ಕೂದಲಾ ಬಿಟ್ಕೊಂಡು ಸತ್ಲು, ಕೂಸಿನ ನೆಪ್ಪಿರಲಿಲ್ಲ ಅಂತ. ನಾನೂ ಹಂಗಾ ಅನ್ಕೊಂಡು ಬೆಳದೆ. ಆಕೀಗಿ ಒಂದಿನಾನೂ ಎಡಿ ಹಿಡಿಲಿಲ್ಲ!" ಎಂದು ಚೀರಿದಳು. ಇನ್ನೊಂದು ಕೆನ್ನೆಗೂ ಹೊಡೆದಳು. ನಾನು ಕೈ ಅಡ್ಡ ಹಿಡಿಯಲಿಲ್ಲ.

ಆಮೇಲೆ ಸಂಚಿ ಬಿಚ್ಚಿ ಅವಳ ಅಂಗೈಯಲ್ಲಿ ಅದನ್ನಿಟ್ಟೆ. ಚಿಂದಿಯ ಬಣ್ಣ ಸುಣ್ಣ ಅಡಿಕೆ ತಗಲಿ ಕಪ್ಪಾಗಿದೆ. ಒಳಗೆ ನಾಲ್ಕು ಎಳೆ ಕೂದಲು ಇನ್ನೂ ಇವೆ. ಗಂಗಾ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಅವ್ವನ ಕೂದಲನ್ನು ಮುಟ್ಟಬೇಕೆನಿಸಿತೋ ಏನೋ, ಉಗುರು ಹಾಕಿ ಗಂಟು ಬಿಚ್ಚಲು ನೋಡಿದಳು. ಆಗಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದಳು. ಆಗಲಿಲ್ಲ. ಸೂಜಿ ತಂದು ಚುಚ್ಚಿ ಎಬ್ಬಿಸಿದಳು, ಅಳುತ್ತ, ಬೈಯುತ್ತ. ಎಳೆದಷ್ಟೂ ಅದು ಬಿಗಿಯಿತು. ಕಡೆಗೆ ಕೈ ಚೆಲ್ಲಿ ಕೂತಳು. "ಯಾರು ಕಟ್ಟಿದ್ರು ಇದನ್ನ?" ಎಂದು ಕೇಳಿದಳು.

ನಿನ್ನ ಹೆಸರು ಹೇಳಿದೆ. ಈಗ ಆ ಗಂಟನ್ನು ದೇವರ ಮಾಡದಲ್ಲಿ ಇಟ್ಟುಕೊಂಡಿದ್ದಾಳೆ.

ಈ ಕಾಗದದ ಕೆಳಗೆ ಹೆಬ್ಬೆಟ್ಟಿಲ್ಲ, ನೋಡಿಕೋ. ನನ್ನ ಹೆಸರನ್ನು ನಾನೇ ಬರೆದಿದ್ದೇನೆ. ನಾನು ಅಲ್ಲಿಗೆ ಬಂದಾಗ ಬಾಗಿಲಲ್ಲಿ ಹಿಡಿದು ಎಷ್ಟು ಬೇಕಾದರೂ ಹೊಡಿ. ಆದರೆ ಅಲ್ಲಿ ಯಾವ ಕೂಸಾದರೂ ಬಾಚಣಿಗೆ ಹಿಡಿದು ಬಂದರೆ ಮಾತ್ರ ಕೈ ಹಿಂದಕ್ಕೆ ತಗೋಬೇಡ, ಹುಲಿಗೆಮ್ಮಕ್ಕಾ. ನಿನ್ನ ಗಂಟು ಅಂದು ಬಿಚ್ಚಿರಲಿಲ್ಲ. ಇನ್ನೂ ಬಿಚ್ಚಿಲ್ಲ.

ನಿನ್ನ
ಶರಣಮ್ಮ